ಆರು ಬೊಡ್ಡೆಗಳಲ್ಲಿ ಮೂರು

ತಿಪಟೂರಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಕೊಳವೆಬಾವಿಯ ಮೋಟಾರು ಸುಟ್ಟುಹೋಯಿತೆಂದು ರೈತರು ತರುತ್ತಾರೆ. ಹಳೆಯ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತೇನೆ. ಕೆಟ್ಟದ್ದು ಕಣ್ಣಿಗೆ ಬಿದ್ದರೆ ಒಮ್ಮೆ ಬಿಚ್ಚಿ ನೋಡಬೇಕೆನ್ನುವ ಚಟ ಈ ಕಸುಬಿನಿಂದಲೇ ಅಂಟಿಕೊಂಡದ್ದಿರಬೇಕು. 2016ರ ಬೇಸಿಗೆಯಲ್ಲಿ ಊರಾಚೆಯ ರಸ್ತೆ ಅಗಲ ಮಾಡಲು ಮರಗಳನ್ನು ಕಡಿದರು. ದಿಮ್ಮಿಗಳು ಹರಾಜಾಗಿ ಲಾರಿ ಹತ್ತಿದವು, ಜೆಸಿಬಿ ಕಿತ್ತೆಸೆದ ಬೊಡ್ಡೆಗಳು ಬೇರು ಮೇಲಾಗಿ ರಸ್ತೆಯ ಪಕ್ಕದಲ್ಲಿ ಬಿದ್ದುಕೊಂಡವು. ಹುಣಸೆ, ಬೇವಿನವು ಎರಡೇ ದಿನದಲ್ಲಿ ಸೌದೆಗೆಂದು ಮಾಯವಾದವು. ಆಲ, ಬಸರಿ, ಅತ್ತಿಯ ಬೊಡ್ಡೆ ಯಾರಿಗೂ ಬೇಡ. ಮೆದು ಮರ, ಒಲೆಗಿಟ್ಟರೆ ಹೊಗೆಯೇ ಹೆಚ್ಚು. ಹತ್ತು ದಿನ ಬಿಟ್ಟು ಅದೇ ದಾರಿಯಲ್ಲಿ ಮೋಟಾರು ಇಳಿಸಲು ಹೋಗುವಾಗ ನೋಡಿದೆ: ಅಂಥ ಬಿಸಿಲಿನಲ್ಲಿ ತಲೆಕೆಳಗಾಗಿ ಬಿದ್ದಿದ್ದ ಒಂದು ಆಲದ ಬೊಡ್ಡೆಯ ನೆರಳಿನ ಮಗ್ಗುಲಲ್ಲಿ ಗುಲಗಂಜಿ ಗಾತ್ರದ ಮೂರು ಚಿಗುರುಗಣ್ಣು ಒಡೆದಿದ್ದವು.

ಮರವನ್ನು ಕುಂಡದಲ್ಲಿ ಗಿಡ್ಡವಾಗಿ ಬೆಳೆಸುವ ಬೋನ್ಸಾಯ್ ನನಗೆ ಅದಕ್ಕೆ ಮೊದಲೇ ಗೊತ್ತಿತ್ತು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಹೂವಿನ ಗೋಪುರದ ಮುಂದೆ ನಿಲ್ಲುವವನಲ್ಲ, ಬೋನ್ಸಾಯ್ ಇಟ್ಟ ಕಡೆಗೆ ಹೋಗುವವನು ನಾನು. ಮೈಸೂರಿನ ಅವಧೂತ ದತ್ತ ಪೀಠದ ಬೋನ್ಸಾಯ್ ಉದ್ಯಾನದಲ್ಲಿ ಒಮ್ಮೆ ಅರ್ಧ ದಿನ ಕಳೆದು ಬಸ್ಸು ತಪ್ಪಿಸಿಕೊಂಡಿದ್ದೇನೆ. ಮನೆಯಲ್ಲಿ ಕಡ್ಡಿ ನೆಟ್ಟು ಬೆಳೆಸಿದ್ದ ನಾಲ್ಕೈದು ಕುಂಡಗಳೂ ಇದ್ದವು. ಆದರೆ ಕುಂಡದಲ್ಲಿ ಬೆಳೆದ ಕಡ್ಡಿ ಬೇಗ ದಪ್ಪವಾಗುವುದಿಲ್ಲ. ಏಳು ವರ್ಷ ಸಾಕಿದ ನನ್ನ ಆಲ ಹೆಬ್ಬೆರಳಿನ ಗಾತ್ರ ದಾಟಿರಲಿಲ್ಲ. ಅದನ್ನು ಎಷ್ಟೇ ಬಗ್ಗಿಸಿ ತಂತಿ ಸುತ್ತಿದರೂ ಸಸಿಯ ಹಾಗೆಯೇ ಕಾಣುತ್ತಿತ್ತು. ರಸ್ತೆಬದಿಯ ಬೊಡ್ಡೆಯಲ್ಲಿ ಬುಡ, ತೊಗಟೆಯ ಸುಕ್ಕು, ನೆಲ ಹಿಡಿದು ಕುಳಿತ ಬೇರಿನ ಹರವು ಎಲ್ಲವೂ ಆಗಲೇ ಸಿದ್ಧವಾಗಿದ್ದವು. ಇಲ್ಲದಿದ್ದದ್ದು ಮರ ಮಾತ್ರ.

ಹಾಗೆಂದು ರಾತ್ರಿ ಹೋಗಿ ಹೊತ್ತು ತರಲಿಲ್ಲ. ನಮ್ಮಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ರಸ್ತೆಬದಿಯ ಮರ ಸರ್ಕಾರದ್ದು. ಬಿದ್ದಿರುವ ಬೊಡ್ಡೆ ಯಾರದೆಂದು ಕೇಳಿದರೆ ಗುತ್ತಿಗೆದಾರರು ಅರಣ್ಯದವರನ್ನು ತೋರಿಸಿದರು, ಅರಣ್ಯದವರು ಗುತ್ತಿಗೆದಾರರನ್ನು ತೋರಿಸಿದರು. ಮೂರು ಸಲ ಓಡಾಡಿದ ಮೇಲೆ ಒಂದು ಚೀಟಿ ಸಿಕ್ಕಿತು. ಈಗಲೂ ಆ ಚೀಟಿಯನ್ನು ಅಂಗಡಿಯ ರಸೀದಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಹುಲಿಕಲ್‌ನಿಂದ ಕುದೂರಿನವರೆಗೆ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿ. ಅಂಥ ಸೀಮೆಯಲ್ಲಿದ್ದುಕೊಂಡು, ಕಡಿದ ಮರದ ಬೊಡ್ಡೆಯನ್ನು ತಾರಸಿಗೆ ಏರಿಸಿ ‘ಮರ ಉಳಿಸಿದೆ’ ಎಂದು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆ. ನಾನು ಮಾಡಿದ್ದು ನನ್ನ ಹುಚ್ಚಿಗೆ. ಬೋನ್ಸಾಯ್‌ಗಾಗಿ ಜೀವಂತ ಮರವನ್ನು ಕೀಳುವವರನ್ನೂ ಕಂಡಿದ್ದೇನೆ; ಅವರ ಗಿಡ ಎಷ್ಟೇ ಚೆನ್ನಾಗಿದ್ದರೂ ಅದರ ಮುಂದೆ ನಿಲ್ಲಲು ಮನಸ್ಸು ಬರುವುದಿಲ್ಲ.

ಒಟ್ಟು ಆರು ತಂದೆ. ದೊಡ್ಡ ಆಲದ ಬುಡವೆಂದರೆ ಎತ್ತಿನಗಾಡಿಯ ಚಕ್ರದಷ್ಟು ಅಗಲ, ಅದನ್ನು ಯಾವ ತೊಟ್ಟಿಯಲ್ಲೂ ಇಡಲಾಗುವುದಿಲ್ಲ. ನಾನು ಹುಡುಕಿದ್ದು ಸಾಲಿನ ನಡುವೆ ತಾನಾಗಿ ಹುಟ್ಟಿದ್ದ ಎಳೆಯ ಮರಗಳ ಬೊಡ್ಡೆಗಳನ್ನು. ಆಲ ಎರಡು, ಬಸರಿ ಒಂದು, ಅತ್ತಿ ಒಂದು. ಐದನೆಯದು ಹಳೆಯ ಮಂಡಿಯೊಂದರ ಕಾಂಪೌಂಡ್ ಕೆಡವುವಾಗ ಸಿಕ್ಕಿದ, ನರ್ಸರಿಯವರು ಫೈಕಸ್ ಎಂದಷ್ಟೇ ಕರೆಯುವ ಸಣ್ಣೆಲೆಯ ಮೈಕ್ರೊಕಾರ್ಪ. ಆರನೆಯದು ಅದೇ ಗೋಡೆಯ ಬಿರುಕಿನಲ್ಲಿ ಬೆಳೆದಿದ್ದ ಅರಳಿ. ಗೊರವಂಕವೋ ಬಾವಲಿಯೋ ಹಣ್ಣು ತಿಂದು ಹಿಕ್ಕೆ ಹಾಕಿದ ಕಡೆ ಹುಟ್ಟಿ, ಕಲ್ಲನ್ನು ತಬ್ಬಿ ಬೇರು ಚಪ್ಪಟೆಯಾಗಿತ್ತು. ಅತಿ ಚಿಕ್ಕದರ ಬುಡ ಒಂಬತ್ತು ಅಂಗುಲ, ದೊಡ್ಡ ಆಲದ್ದು ಇಪ್ಪತ್ತೆರಡು ಅಂಗುಲ ಅಡ್ಡಗಲ. ಲಗೇಜ್ ಆಟೋದಿಂದ ಅದನ್ನು ಇಳಿಸಲು ನಾಲ್ಕು ಜನ ಬೇಕಾಯಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಮೋಟಾರು ಸಾಲದೆಂದು ಈಗ ಇದನ್ನೂ ರಿವೈಂಡಿಂಗ್ ಮಾಡುತ್ತೀರಾ?” ಎಂದು ಕೇಳಿದಳು.

ಕೊಯ್ಯುವುದರಲ್ಲಿಯೇ ನಾನು ಎಡವಿದೆ. ಸಣ್ಣ ಬೊಡ್ಡೆಗಳ ಮೇಲೆ ನನಗೆ ಮೋಹವಿರಲಿಲ್ಲ, ಹಾಗಾಗಿ ಅವನ್ನು ಧಾರಾಳವಾಗಿ ಕತ್ತರಿಸಿದೆ: ಬುಡದ ಅಗಲದ ಎರಡರಷ್ಟು ಎತ್ತರ ಬಿಟ್ಟು ಮೇಲಿನದೆಲ್ಲ ಕೆಳಕ್ಕೆ. ತಾಯಿಬೇರನ್ನು ತಟ್ಟೆಯಂತೆ ಸಪಾಟಾಗಿ ಕೊಯ್ದೆ, ಪಕ್ಕದ ಬೇರುಗಳನ್ನು ಒಂದು ಗೇಣಿಗೆ ನಿಲ್ಲಿಸಿದೆ. ದೊಡ್ಡ ಆಲದ ಮುಂದೆ ಗರಗಸ ಹಿಡಿದಾಗ ಮಾತ್ರ ಕೈ ಬರಲಿಲ್ಲ. ಇಷ್ಟು ಚೆಂದದ ಕಾಂಡ, ನಾಲ್ಕಡಿ ಇರಲಿ ಎಂದು ಬಿಟ್ಟೆ. ಜೆಸಿಬಿಯ ಹಲ್ಲಿಗೆ ಸಿಕ್ಕು ಸೀಳಿದ್ದ ಬೇರುಗಳನ್ನು ಕೂಡ, ಜೀವ ಹಿಡಿಯಲು ಬೇಕಾಗುತ್ತದೆ ಎಂದು ಹಾಗೆಯೇ ಉಳಿಸಿದೆ. ಸೀಳಿದ ಬೇರಿನಿಂದ ಜೀವ ಬರುವುದಿಲ್ಲ, ಕೊಳೆ ಬರುತ್ತದೆ. ಸಿಪ್ಪೆ ಹಸಿಯಾಗಿ, ಹಾಲು ಒಸರುವ ಜಾಗ ಸಿಗುವವರೆಗೆ ಹಿಂದಕ್ಕೆ ಕೊಯ್ಯಬೇಕು, ಆಮೇಲೆ ಹರಿತ ಚಾಕುವಿನಿಂದ ಅಂಚನ್ನು ನುಣುಪು ಮಾಡಬೇಕು. ಹೊಸ ಬೇರು ಹೊರಡುವುದು ಆ ನುಣುಪಾದ ಅಂಚಿನ ಸಿಪ್ಪೆಯಿಂದ. ಈ ಜಾತಿಯ ಮರಗಳ ದೊಡ್ಡ ಗುಣವೇ ಅದು: ಎಲೆ ಒಂದೂ ಇಲ್ಲದಿದ್ದರೂ, ನೂಲಿನಂಥ ಬೇರು ಒಂದೂ ಇಲ್ಲದಿದ್ದರೂ, ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಎರಡನ್ನೂ ಹುಟ್ಟಿಸಿಕೊಳ್ಳುತ್ತವೆ.

ಕೊಯ್ದ ಕೂಡಲೇ ಹಾಲು ಸುರಿಯುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಿರದಿದ್ದರೆ ಎರಡು ದಿನ ಅಂಟು ಹೋಗುವುದಿಲ್ಲ. ನೀರು ಚಿಮುಕಿಸಿ ಹಾಲು ನಿಲ್ಲುವವರೆಗೆ ಕಾದು, ಗಾಯ ಒಣಗಿದ ಮೇಲೆ ಕೊಳೆ ತಡೆಯುವ ಬೋರ್ಡೋ ಮುಲಾಮು ಬಳಿದೆ. ಅಡಿಕೆ ತೋಟದವರಿಗೆ ಬೋರ್ಡೋ ದ್ರಾವಣ ಹೇಳಿಕೊಡಬೇಕಿಲ್ಲ. ಮುಲಾಮೂ ಅದೇ ಸರಕು, ಗಟ್ಟಿ ಅಷ್ಟೇ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ನನಗೆ ಅದರ ಹತ್ತನೇ ಒಂದು ಭಾಗ ಸಾಕಾಯಿತು. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಕಬ್ಬಿಣದ್ದು ಕೂಡದು. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸಿದ ಮೇಲೆ ಹೊಳಪಿನ ಚಾಕುವೊಂದನ್ನು ಅದ್ದಿ ನೋಡಬೇಕು. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಪೇಟೆಯಲ್ಲಿ ಬೋನ್ಸಾಯ್‌ಗೆಂದೇ ಮಾರುವ ಗಾಯದ ಮುಲಾಮು ಇದೆ, ಬೆಲೆ ಕೇಳಿ ವಾಪಸ್ ಇಟ್ಟೆ. ಬೇರಿನ ಕೊಯ್ತಗಳಿಗೆ ಮುಲಾಮು ಬಳಿಯಲಿಲ್ಲ, ತೆಂಗಿನ ಚಿಪ್ಪಿನ ಇದ್ದಿಲ ಪುಡಿ ಒತ್ತಿದೆ.

ಮಣ್ಣಿನ ವಿಚಾರದಲ್ಲಿ ನಾನು ಹಟಮಾರಿ. ಕೆಮ್ಮಣ್ಣು, ಗೊಬ್ಬರ ಕಲಸಿ ತುಂಬಿದರೆ ಮಳೆಗಾಲದಲ್ಲಿ ಅದು ಇಟ್ಟಿಗೆಯಾಗುತ್ತದೆ, ಬೇರಿಲ್ಲದ ಬೊಡ್ಡೆ ಅದರಲ್ಲಿ ಕೊಳೆಯುತ್ತದೆ. ಬೇರು ಹುಟ್ಟಲು ನೀರಿನಷ್ಟೇ ಗಾಳಿಯೂ ಬೇಕು. ಹಳೆಯ ಮಂಗಳೂರು ಹೆಂಚನ್ನು ಒಡೆದು ಜರಡಿ ಹಿಡಿದೆ. ಜೋಳದ ಕಾಳಿಗಿಂತ ಸಣ್ಣದು ಬೇಡ, ಕಡಲೆಕಾಯಿ ಬೀಜಕ್ಕಿಂತ ದೊಡ್ಡದೂ ಬೇಡ. ದೂಳನ್ನು ಪೂರ್ತಿ ತೊಳೆದು ತೆಗೆಯಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಾಗ ತಮ್ಮ ಹೆಂಚಿನ ಚೂರು ಹೀಗೊಂದು ದಿನ ಆಲದ ಬೇರಿಗೆ ಹಾಸಿಗೆಯಾಗುತ್ತದೆಂದು ಎಣಿಸಿರಲಾರರು. ಹೆಂಚು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ, ಆದರೆ ಕೆಸರಾಗುವುದಿಲ್ಲ. ಅದು ಆರು ಪಾಲು, ದಪ್ಪ ಮರಳು ಎರಡು ಪಾಲು, ತೆಂಗಿನ ನಾರಿನ ಪುಡಿ ಎರಡು ಪಾಲು. ನಾರಿನ ಪುಡಿಗೆ ತಿಪಟೂರಿನಲ್ಲಿ ಬರವಿಲ್ಲ. ನಾರಿನ ಕಾರ್ಖಾನೆಯ ಹಿಂದೆ ಗುಡ್ಡ ಬಿದ್ದಿರುತ್ತದೆ. ಆದರೆ ಹೊಸದರಲ್ಲಿ ಉಪ್ಪೂ ಕಹಿಯೂ ಇರುತ್ತದೆ. ಕಂದು ನೀರು ಬರುವುದು ನಿಲ್ಲುವವರೆಗೆ ಮೂರು ನಾಲ್ಕು ಸಲ ನೆನೆಸಿ ಹಿಂಡಿದೆ. ಗೊಬ್ಬರ ಒಂದು ಹಿಡಿಯೂ ಹಾಕಲಿಲ್ಲ. ಬೇರೇ ಇಲ್ಲದ್ದಕ್ಕೆ ಊಟ ಬಡಿಸಿ ಏನು ಪ್ರಯೋಜನ?

ಸೆಂಟ್ರಿಂಗ್ ಹಲಗೆಯಲ್ಲಿ ಒಂದಡಿ ಆಳದ ಪೆಟ್ಟಿಗೆ ಮಾಡಿ, ತಳದಲ್ಲಿ ಬೆರಳಗಲದ ತೂತು ಕೊರೆದು ಸೊಳ್ಳೆ ಜಾಲರಿ ಹಾಸಿದೆ. ಬೊಡ್ಡೆ ಇಟ್ಟು, ಮಿಶ್ರಣ ಸುರಿದು, ಬಿದಿರು ಕಡ್ಡಿಯಿಂದ ಬೇರಿನ ಸಂದುಗಳಿಗೆಲ್ಲ ತಿವಿದು ತುಂಬಿಸಿದೆ. ಆಮೇಲೆ ಬೊಡ್ಡೆಯನ್ನು ಪೆಟ್ಟಿಗೆಗೆ ತಂತಿಯಿಂದ ಬಿಗಿದು ಕಟ್ಟಿದೆ. ಈ ಕಟ್ಟುವ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೊಸ ಬೇರು ಹತ್ತಿಯ ಎಳೆಯ ಹಾಗಿರುತ್ತದೆ. ಗಾಳಿಗೆ ಬೊಡ್ಡೆ ಕೂದಲೆಳೆಯಷ್ಟು ಅಲುಗಿದರೂ ತುಂಡಾಗುತ್ತದೆ. ಕಾಂಡಕ್ಕೆ ಒದ್ದೆ ಗೋಣಿಚೀಲ ಸುತ್ತಿ, ಹಸಿರು ಪರದೆಯ ನೆರಳಿನಲ್ಲಿ ಇಟ್ಟೆ. ಆಗ ಮೇ ತಿಂಗಳ ಎರಡನೆಯ ವಾರ. ಕಾಲ ಮಾತ್ರ ನನ್ನ ಕಡೆಗಿತ್ತು. ಬಿಸಿಯೂ ಬೇಕು, ಹಿಂದೆಯೇ ಮಳೆಯೂ ಬೇಕು. ಡಿಸೆಂಬರಿನ ಚಳಿಯಲ್ಲಿ ಇದೇ ಕೆಲಸ ಮಾಡಿದ ಗೆಳೆಯರೊಬ್ಬರ ಬೊಡ್ಡೆ ಮಾರ್ಚಿನವರೆಗೂ ಮಿಸುಕಲಿಲ್ಲ.

ಮೊದಲು ಚಿಗುರಿದ್ದು ಸಣ್ಣೆಲೆಯ ಫೈಕಸ್, ಹದಿನೆಂಟನೆಯ ದಿನ. ಬಸರಿಗೆ ಒಂದು ತಿಂಗಳು. ದೊಡ್ಡ ಆಲ ನಾಲ್ಕನೆಯ ವಾರದಲ್ಲಿ ನೆತ್ತಿಯ ಸುತ್ತ ಇಪ್ಪತ್ತಕ್ಕೂ ಹೆಚ್ಚು ಕಣ್ಣು ಬಿಟ್ಟಿತು. ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಎಲೆ ಅಂಗೈಯಗಲ ಆಯಿತು. ಜುಲೈ ಕೊನೆಗೆ, ಇಷ್ಟು ಚಿಗುರಿದ ಮೇಲೆ ಬೇರೂ ಅಷ್ಟೇ ಬಂದಿರಬೇಕೆಂದು ಪೆಟ್ಟಿಗೆಯ ಒಂದು ಹಲಗೆ ಬಿಚ್ಚಿ ಕೈ ಹಾಕಿ ನೋಡಿದೆ. ಒಂದು ಎಳೆಯೂ ಇರಲಿಲ್ಲ. ಚಿಗುರೆಲ್ಲ ಕಾಂಡದ ಗಂಟಿನಲ್ಲಿದ್ದ ಹಣದಲ್ಲಿ ನಡೆಸಿದ ಮದುವೆ. ನಾಲ್ಕಡಿ ಕಾಂಡ ಉಳಿಸಿದ್ದರಿಂದ ಗಂಟು ದೊಡ್ಡದಿತ್ತು, ಮದುವೆಯೂ ಜೋರಾಗಿತ್ತು. ಗಾಬರಿಯಾಗಿ ಬೊಡ್ಡೆಯನ್ನು ಎತ್ತಿದೆ, ಬೇರು ಮತ್ತೆ ಕೊಯ್ದೆ, ಬೇರು ಬರಿಸುವ ಪುಡಿ ಹಚ್ಚಿದೆ, ಮಿಶ್ರಣ ಬದಲಿಸಿದೆ, ಎಂಟು ದಿನ ಬಿಟ್ಟು ಇನ್ನೊಮ್ಮೆ ನೋಡಿದೆ. ಸೆಪ್ಟೆಂಬರಿನಲ್ಲಿ ಎಲೆಗಳು ಒಂದೇ ವಾರದಲ್ಲಿ ಜೋತುಬಿದ್ದವು. ತೊಗಟೆಯನ್ನು ಉಗುರಿನಿಂದ ಕೆರೆದರೆ ಹಾಲಿಲ್ಲ, ಹಸಿರಿಲ್ಲ, ಕಾಫಿಪುಡಿಯ ಬಣ್ಣ.

ಆ ಆಲದ ಸಾವಿನಲ್ಲಿ ನನ್ನ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. ಮೊದಲ ದಿನ ನಿರ್ದಯವಾಗಿ ಕೊಯ್ಯಬೇಕಿದ್ದ ಕಡೆ ಕರುಣೆ ತೋರಿಸಿದೆ. ಕೈ ಕಟ್ಟಿ ಕೂರಬೇಕಿದ್ದ ಆರು ತಿಂಗಳು ಕಿರುಕುಳ ಕೊಟ್ಟೆ. ಉಳಿದ ಬೊಡ್ಡೆಗಳು ಬದುಕಿದ್ದು ಅವು ಚಿಕ್ಕವೆಂದು ನಾನು ಅಲಕ್ಷ್ಯ ಮಾಡಿದ್ದರಿಂದ. ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟು: ಮೊದಲ ಚಿಗುರನ್ನು ನಂಬಬೇಡಿ. ಅದು ನಿಂತಲ್ಲೇ ನಿಂತು, ಒಂದೆರಡು ತಿಂಗಳ ಬಳಿಕ ಎರಡನೆಯ ಸಲ ತುದಿ ಬಿಟ್ಟು ಉದ್ದ ಹೊರಟರೆ ಬೇರು ಬಂದಿದೆ. ಅಲ್ಲಿಯವರೆಗೆ ಪೆಟ್ಟಿಗೆ ಬಿಚ್ಚುವುದು ಬೇಡ, ಚಿಗುರು ಚಿವುಟುವುದೂ ಬೇಡ. ಒಂದು ಎಲೆಯನ್ನೂ ಕೀಳದೆ ಮೊದಲ ವರ್ಷ ಕಾಡಿನಂತೆ ಬೆಳೆಯಲು ಬಿಡಬೇಕು.

ಅತ್ತಿ ಸತ್ತದ್ದು ಬೇರೆ ರೀತಿಯಲ್ಲಿ. ಅದು ಬೇರು ಬಿಟ್ಟಿತು, ಎರಡು ವರ್ಷ ಚೆನ್ನಾಗಿಯೇ ಇತ್ತು. ಆದರೆ ನೆತ್ತಿಯ ಕೊಯ್ತವನ್ನು ನಾನು ಬಟ್ಟಲಿನ ಹಾಗೆ ತೋಡಿ, ಚಳಿನಾಡಿನ ಜುನಿಪರ್ ಮರಗಳಿಗೆ ಮಾಡುವಂತೆ ಒಣಮರವನ್ನು ಕೆತ್ತಿ ಬಿಟ್ಟಿದ್ದೆ. ಚಿತ್ರಗಳಲ್ಲಿ ಕಂಡ ಆ ಬೆಳ್ಳಿ ಬಣ್ಣದ ಒಣಕಾಂಡದ ಆಸೆ. ಜುನಿಪರಿನ ಮರ ರಾಳದಿಂದ ಗಟ್ಟಿಯಾಗಿರುತ್ತದೆ, ಬಿಸಿಲಿಗೆ ಒಣಗಿ ದಶಕಗಟ್ಟಲೆ ಉಳಿಯುತ್ತದೆ. ನಮ್ಮ ಅತ್ತಿ, ಆಲಗಳ ಒಣಮರ ಮಳೆಯಲ್ಲಿ ನೆಂದ ರಟ್ಟಿನಂತಾಗುತ್ತದೆ. ಮೂರನೆಯ ಮಳೆಗಾಲದಲ್ಲಿ ಬಟ್ಟಲಲ್ಲಿ ನಿಂತ ನೀರು ಬುಡದವರೆಗೆ ಇಳಿದು, ಒಂದು ಬೆಳಿಗ್ಗೆ ಕಾಂಡವನ್ನು ಹಿಡಿದರೆ ಬೆರಳು ಒಳಗೆ ಹೋಯಿತು.

ಆ ಬಳಿಕ ಉಳಿದವುಗಳ ದೊಡ್ಡ ಗಾಯಗಳ ಬಗ್ಗೆ ಎಚ್ಚರವಾದೆ. ಫೈಕಸ್‌ನ ನೆತ್ತಿಯ ಕೊಯ್ತ ಆರು ಅಂಗುಲವಿತ್ತು. ಅದನ್ನು ಓರೆಯಾಗಿ, ನೀರು ಹಿಂದಕ್ಕೆ ಜಾರಿ ಹೋಗುವಂತೆ, ನಡುವೆ ತುಸು ತಗ್ಗಾಗಿ ಉಳಿಯಿಂದ ಕೆತ್ತಿದೆ. ಅಂಚಿನ ಪಕ್ಕದಲ್ಲಿಯೇ ಹುಟ್ಟಿದ ಒಂದು ಚಿಗುರನ್ನು ಎರಡು ವರ್ಷ ಕತ್ತರಿಸದೆ ಆಳೆತ್ತರ ಬೆಳೆಯಲು ಬಿಟ್ಟೆ. ಆ ರೆಂಬೆಗೆ ರಸ ಎಳೆದುಕೊಳ್ಳುವ ಭರದಲ್ಲಿ ಗಾಯದ ಅಂಚು ಉಬ್ಬಿ ಒಳಕ್ಕೆ ಮಗುಚಿಕೊಳ್ಳುತ್ತಾ ಬರುತ್ತದೆ. ಪ್ರತಿ ಜೂನ್‌ನಲ್ಲಿ ಅಂಚನ್ನು ಬ್ಲೇಡಿನಿಂದ ಕೂದಲಗಲ ಕೆರೆದರೆ ನಿದ್ದೆ ಹೋದದ್ದು ಮತ್ತೆ ಎಚ್ಚರಗೊಳ್ಳುತ್ತದೆ. ಐದು ವರ್ಷಕ್ಕೆ ಗಾಯ ಒಂದು ರೂಪಾಯಿ ನಾಣ್ಯದಷ್ಟಾಯಿತು. ಕೆಲಸ ಮುಗಿದ ಆ ರೆಂಬೆಯನ್ನು ಮಾತ್ರ ಬುಡಕ್ಕೆ ಕಡಿದೆ. ಮರದ ತುದಿ ಬುಡಕ್ಕಿಂತ ಕ್ರಮೇಣ ಸಪೂರವಾಗಿ ಕಾಣುವುದೂ ಇದೇ ಉಪಾಯದಿಂದ: ಒಂದು ಚಿಗುರನ್ನು ದಪ್ಪವಾಗಿಸು, ಗಿಡ್ಡಕ್ಕೆ ಕೊಯ್ಯಿ, ಅದರ ಮೇಲೆ ಇನ್ನೊಂದು. ಮಳೆಗಾಲಕ್ಕೊಂದು ಗೆಣ್ಣು ಎಂದರೂ ಸರಿ.

ಬಸರಿಯ ಬೊಡ್ಡೆಯಲ್ಲಿ ಕೊಂಬೆ ಬೇಕಾದ ಕಡೆ ಕಣ್ಣೇ ಒಡೆಯಲಿಲ್ಲ, ಎಡಮಗ್ಗುಲು ಬೋಳು. ಅದಕ್ಕೆ ಡ್ರಿಲ್ಲಿಂಗ್ ಯಂತ್ರ ತಂದೆ. ಬಲಗಡೆಯ ಉದ್ದನೆಯ ಚಿಗುರಿನ ಎಲೆ ತೆಗೆದು, ಬೊಡ್ಡೆಯಲ್ಲಿ ಆರ್‌ಪಾರ್ ತೂತು ಕೊರೆದು, ಸೂಜಿಗೆ ದಾರ ಪೋಣಿಸುವಂತೆ ಆಚೆ ಬದಿಗೆ ದಾಟಿಸಿದೆ. ಎರಡೂ ಬಾಯಿಗೆ ಮುಲಾಮು. ಚಿಗುರು ತನ್ನ ತಾಯಿಬೊಡ್ಡೆಯೊಳಗೇ ದಪ್ಪವಾಗುತ್ತಾ ಬಿಗಿದು ಕೂಡಿಕೊಳ್ಳುತ್ತದೆ. ಹೊರಬಂದ ಕಡೆಯ ದಪ್ಪ ಒಳಹೊಕ್ಕ ಕಡೆಯ ದಪ್ಪವನ್ನು ಮೀರಿದಾಗ ಬೆಸುಗೆ ಆಯಿತೆಂದು ತಿಳಿದು ಒಳಹೊಕ್ಕ ಕಡೆ ಕತ್ತರಿಸಬಹುದು. ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಆಲದ ಜಾತಿಗೆ ಒಂದನ್ನೊಂದು ಮುಟ್ಟಿದರೆ ಬೆಸೆದುಕೊಳ್ಳುವ ಸ್ವಭಾವವಿರುವುದರಿಂದ ಇದು ಹೇಳುವಷ್ಟು ಕಷ್ಟವಲ್ಲ, ಚಿಗುರಿನ ಕಣ್ಣು ಮುರಿಯದಂತೆ ಎಳೆದುಕೊಳ್ಳುವ ತಾಳ್ಮೆ ಬೇಕು.

ತಂತಿಯ ವಿಷಯದಲ್ಲಿ ನನ್ನಷ್ಟು ಜಂಬ ಯಾರಿಗೂ ಇರಲಿಕ್ಕಿಲ್ಲ. ದಿನವಿಡೀ ತಂತಿ ಸುತ್ತುವವನಿಗೆ ಇದೇನು ಮಹಾ ಎಂದುಕೊಂಡೆ. ಸುಟ್ಟ ಮೋಟಾರಿನ ತಾಮ್ರದ ತಂತಿ ಬೆಂಕಿ ಕಂಡು ಮೆದುವಾಗಿರುತ್ತದೆ, ಒಮ್ಮೆ ಬಗ್ಗಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ತೆಳು ರೆಂಬೆಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ದಪ್ಪ ಕೊಂಬೆಗೆ ಮೂರು ಮಿಲಿಮೀಟರಿನ ಅಲ್ಯೂಮಿನಿಯಂ ತಂತಿ ಕೊಂಡೆ. ಆದರೆ ಮೋಟಾರಿನ ಸುರುಳಿ ಬೆಳೆಯುವುದಿಲ್ಲ, ಕೊಂಬೆ ಬೆಳೆಯುತ್ತದೆ. ಅಂಗಡಿಯ ಅಭ್ಯಾಸದಂತೆ ಸುರುಳಿಗೆ ಸುರುಳಿ ತಾಗಿಸಿ ಬಿಗಿಯಾಗಿ ಸುತ್ತಿ, ಕೃಷಿ ಸೀಸನ್ನಿನ ಗಡಿಬಿಡಿಯಲ್ಲಿ ಮರೆತೆ. ಏಳು ವಾರಕ್ಕೆ ಮಳೆಯಲ್ಲಿ ಉಬ್ಬಿದ ಕೊಂಬೆಯೊಳಗೆ ತಂತಿ ಹೂತುಹೋಗಿತ್ತು. ಆ ಸುರುಳಿಯ ಗುರುತು ಫೈಕಸ್‌ನ ಮೊದಲ ಕೊಂಬೆಯ ಮೇಲೆ ಇವತ್ತಿಗೂ ಇದೆ. ನಮ್ಮ ಹವೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಎರಡು ವಾರಕ್ಕೊಮ್ಮೆ ನೋಡಲೇಬೇಕು; ಬಿಚ್ಚುವಾಗ ಮಗುಚಿ ಬಿಚ್ಚಬಾರದು, ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ಬಹಳ ಕಡೆ ಈಗ ತಂತಿಯೇ ಬೇಡವೆಂದು ದಾರ ಕಟ್ಟಿ ಕೆಳಗೆ ಎಳೆಯುತ್ತೇನೆ.

ಉಳಿದ ಸಣ್ಣ ಆಲಕ್ಕೆ ಬಿಳಲು ಬರಿಸಬೇಕೆಂಬ ಆಸೆ. ಬಿಳಲಿಲ್ಲದ ಆಲ ಮೀಸೆಯಿಲ್ಲದ ಜಮೀನ್ದಾರನಂತೆ. ಬೆಂಗಳೂರಿನ ಬಳಿಯ ರಾಮೋಹಳ್ಳಿಯ ದೊಡ್ಡ ಆಲದ ಮರದಲ್ಲಿ ಮೂಲ ಕಾಂಡ ಎಂದೋ ಸತ್ತುಹೋಗಿದೆ, ಮರ ನಿಂತಿರುವುದು ಬಿಳಲುಗಳ ಮೇಲೆ. ಆದರೆ ತಿಪಟೂರಿನ ಒಣಗಾಳಿಯಲ್ಲಿ ಬಿಳಲು ತಾನಾಗಿ ಇಳಿಯಲೊಲ್ಲದು. ಕೊಂಬೆಯ ಕೆಳಗೆ ತೊಗಟೆಯನ್ನು ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಒದ್ದೆ ನಾರಿನ ಪುಡಿ ಕಟ್ಟಿ ಪ್ಲಾಸ್ಟಿಕ್ ಸುತ್ತಿದೆ. ಆಗಸ್ಟಿನಲ್ಲಿ ಎರಡು ಬಿಳಿಯ ಮೊನೆ ಕಾಣಿಸಿದವು. ಮನೆ ವೈರಿಂಗಿನ ಪೈಪನ್ನು ಉದ್ದಕ್ಕೆ ಸೀಳಿ, ನಾರಿನ ಪುಡಿ ತುಂಬಿ, ಕೊಂಬೆಯಿಂದ ಕುಂಡದ ಮಣ್ಣಿನವರೆಗೆ ನಿಲ್ಲಿಸಿ ಕಟ್ಟಿದೆ. ಬಿಳಲು ಅದರೊಳಗೆ ಇಳಿದು ಮಣ್ಣು ಮುಟ್ಟಲು ಎರಡೂವರೆ ತಿಂಗಳು. ಮಣ್ಣು ಮುಟ್ಟಿದ ಮೇಲೆ ದಾರವಿದ್ದದ್ದು ಒಂದೇ ವರ್ಷದಲ್ಲಿ ಪೆನ್ಸಿಲಿನಷ್ಟಾಯಿತು. ಈ ಮರದ ಎಲೆಯೂ ಒಂದು ತಲೆನೋವು. ಮೂರಡಿ ಮರದಲ್ಲಿ ಊಟಕ್ಕೆ ಹಾಕುವಂಥ ಎಲೆ! ನಾಲ್ಕನೆಯ ವರ್ಷ, ಬೇರು ಗಟ್ಟಿಯಾದ ಮೇಲೆ, ಮಾರ್ಚ್ ಕೊನೆಯಲ್ಲಿ ಎಲ್ಲ ಎಲೆಗಳನ್ನೂ ತೊಟ್ಟು ಬಿಟ್ಟು ಕತ್ತರಿಸಿ, ಪೂರ್ತಿ ಬಿಸಿಲಿಗಿಟ್ಟೆ. ಮೂರು ವಾರಕ್ಕೆ ಹೊಸ ಎಲೆ ಬಂತು, ಅಂಗೈ ಹೋಗಿ ಮೂರು ಬೆರಳಗಲ. ವರ್ಷಕ್ಕೊಮ್ಮೆ ಮಾತ್ರ ಹೀಗೆ ಮಾಡುತ್ತೇನೆ. ಸೊರಗಿದ ಗಿಡಕ್ಕೆ ಮಾಡಿದರೆ ಅದೇ ಕೊನೆಯ ಎಲೆ.

ಬಸರಿಗೆ ಈ ತೊಂದರೆ ಇಲ್ಲ, ಅದು ತಾನೇ ಎಲೆ ಉದುರಿಸಿ ಒಂದೇ ವಾರದಲ್ಲಿ ತಾಮ್ರದ ಬಣ್ಣದ ಚಿಗುರಿನಲ್ಲಿ ಮುಳುಗುತ್ತದೆ. ನನ್ನನ್ನು ಕೇಳಿದರೆ ನಮ್ಮ ನಾಡಿನ ಮರಗಳಲ್ಲಿ ಬೋನ್ಸಾಯ್‌ಗೆ ಬಸರಿಯನ್ನು ಮೀರಿಸಿದ್ದಿಲ್ಲ. ಎಲ್ಲರೂ ಆಲ ಆಲ ಎಂದು ಏಕೆ ಹಂಬಲಿಸುತ್ತಾರೋ!

ಅರಳಿಯ ಕಥೆ ಬೇರೆ. ಅದು ಬದುಕಿತು, ಗೋಡೆ ಹಿಡಿದ ಬೇರುಗಳೂ ಸೊಗಸಾಗಿದ್ದವು. ಆದರೆ ಅವ್ವ ತಾರಸಿ ಹತ್ತಿದಾಗಲೆಲ್ಲ ಅದರ ಮುಂದೆ ಚಪ್ಪಲಿ ಬಿಡುತ್ತಿದ್ದಳು. “ಅಶ್ವತ್ಥವನ್ನು ಕಟ್ಟೆ ಕಟ್ಟಿ ಪ್ರದಕ್ಷಿಣೆ ಹಾಕುತ್ತಾರೆ ಕಣಪ್ಪಾ, ನೀನು ಹಲಗೆ ಪೆಟ್ಟಿಗೆಯಲ್ಲಿಟ್ಟು ಕತ್ತರಿ ಆಡಿಸುತ್ತೀಯ,” ಎಂದಳು. ನಾನು ವಾದ ಮಾಡಿದೆ. ಆದರೆ ನಿಜ ಹೇಳಬೇಕೆಂದರೆ, ಅರಳಿ ನನ್ನ ಕತ್ತರಿಗೂ ಒಗ್ಗಿರಲಿಲ್ಲ. ಉದ್ದ ತೊಟ್ಟಿನ, ಬಾಲ ಬಿಟ್ಟ ಎಲೆ. ಕತ್ತರಿಸಿದರೆ ಪಕ್ಕದ ರೆಂಬೆ ಬಿಡದೆ ಮತ್ತೆ ಒಂದೇ ಕೋಲಾಗಿ ಹೊರಡುತ್ತಿತ್ತು. ನಾಲ್ಕನೆಯ ವರ್ಷ ಅವ್ವನ ಮಾತಿಗೆ ಒಪ್ಪಿದವನ ಹಾಗೆ ನಟಿಸಿ, ಸೋತದ್ದನ್ನು ಮುಚ್ಚಿಕೊಂಡು, ನಮ್ಮ ತೋಟದ ಬದುವಿನಲ್ಲಿ ಬಾವಿಯಿಂದ ದೂರಕ್ಕೆ ನೆಟ್ಟೆ. ಈಗ ಅದು ತೆಂಗಿನ ಮರದ ಅರ್ಧಕ್ಕೆ ಬಂದಿದೆ. ಅವ್ವ ಶನಿವಾರ ನೀರು ಹಾಕಿ ಬರುತ್ತಾಳೆ.

ಹುಳುಗಳ ಕಾಟ ಹೆಚ್ಚಿಲ್ಲ. ಸಣ್ಣೆಲೆಯ ಫೈಕಸ್‌ನ ಎಲೆ ಮಾತ್ರ ಬೇಸಿಗೆಯಲ್ಲಿ ಪುಸ್ತಕದಂತೆ ಮಡಚಿಕೊಳ್ಳುತ್ತದೆ. ಬಿಚ್ಚಿದರೆ ಒಳಗೆ ಕಪ್ಪು ನುಸಿ. ಮಡಚಿದ ಎಲೆಗಳನ್ನು ಕಿತ್ತು ಸುಟ್ಟು, ಬೇವಿನೆಣ್ಣೆ ಹೊಡೆದರೆ ಹತೋಟಿಗೆ ಬರುತ್ತದೆ. ಬಿಳಿ ಹಿಟ್ಟುತಿಗಣೆ ಬಂದರೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಔಷಧಿ. ನೆನಪಿಡಬೇಕಾದ್ದು ತೂಕ. ಒದ್ದೆ ಮಿಶ್ರಣ ತುಂಬಿದ ಒಂದು ಪೆಟ್ಟಿಗೆ ಒಂದು ಕ್ವಿಂಟಾಲ್ ದಾಟುತ್ತದೆ. ತಾರಸಿಯ ನಡುವೆ ಇಡದೆ ತೊಲೆಯ ಮೇಲೆ, ಗೋಡೆಯ ಅಂಚಿಗೆ ಇಡಬೇಕು. ನಾನು ಇದನ್ನು ಕಲಿತದ್ದು ಕೆಳಗಿನ ಕೋಣೆಯ ಸೂರಿನಲ್ಲಿ ತೇವದ ಕಲೆ ಕಂಡ ಮೇಲೆ.

ಕಳೆದ ಜೂನ್‌ನಲ್ಲಿ ಫೈಕಸ್ ಅನ್ನು ಪೆಟ್ಟಿಗೆಯಿಂದ ತಟ್ಟೆಗೆ ಇಳಿಸಿದೆ. ಬೇಕಾದ ಅಳತೆಯ ತಟ್ಟೆ ಎಲ್ಲೂ ಸಿಗದೆ, ಗಾರೆಯವರಿಂದ ಜಾಲರಿ ಇಟ್ಟು ಸಿಮೆಂಟಿನಲ್ಲಿ ಮಾಡಿಸಿದ್ದು: ಎರಡೂವರೆ ಅಡಿ ಉದ್ದ, ಐದು ಅಂಗುಲ ಆಳ. ಸಿಮೆಂಟಿನ ಖಾರ ಹೋಗಲೆಂದು ಹದಿನೈದು ದಿನ ನೀರು ತುಂಬಿ, ಬದಲಿಸಿ ಇಟ್ಟಿದ್ದೆ. ಪೆಟ್ಟಿಗೆಯ ಹಲಗೆ ಬಿಚ್ಚಿದಾಗ ಹೆಂಚಿನ ಚೂರೊಂದೂ ಉದುರಲಿಲ್ಲ, ಅಷ್ಟು ಬೇರು. ಅರ್ಧವನ್ನು ಕೊಯ್ದು ತೆಗೆದೆ. ಈ ಸಲ ಕೈ ತಡೆಯಲಿಲ್ಲ. ಬೇರಿನ ನಡುವೆ ಅಕ್ಷರದ ತುದಿಯೊಂದು ಕಾಣುವ ಹೆಂಚಿನ ತುಂಡು ಸಿಕ್ಕಿತ್ತು. ಬೇರು ಅದನ್ನು ಮೂರು ಸುತ್ತು ಬಳಸಿ ಹಿಡಿದಿತ್ತು. ಬಿಡಿಸಲು ನೋಡಿ, ಬೇಡವೆಂದು ಹಾಗೆಯೇ ತಟ್ಟೆಯೊಳಗೆ ಇಟ್ಟು ಮುಚ್ಚಿದೆ. ಬಸರಿಯ ಸರದಿ ಮುಂದಿನ ಮಳೆಗಾಲಕ್ಕೆ. ಆಲಕ್ಕೆ ಇನ್ನೂ ಎರಡು ಬಿಳಲು ಇಳಿಯಬೇಕು.